ನಂಬಿಕೆ ಕಡಿಮೆಯಾಗಿದ್ದಕ್ಕೆ ಕೈ ನಡುಗುತ್ತಿಲ್ಲ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಬರೆಯುವವರೆಲ್ಲ ಹೆಣ್ಣುಮಕ್ಕಳು. ದೊಡ್ಡ ಪೆಟ್ಟು ತಿಂದವರು, ದೇವರನ್ನು ನೆಚ್ಚಿಕೊಂಡು ಎದ್ದವರು, ಈಗ ಸ್ವಂತ ವ್ಯಾಪಾರ ನಡೆಸುತ್ತಿರುವವರು. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬರೆದವರ ಮೇಲಲ್ಲ, ಅವರ ತಲೆಯಲ್ಲಿ ಆ ಪ್ರಶ್ನೆ ತುಂಬಿದವರ ಮೇಲೆ. ಹಾಗಾಗಿ ಈ ಸಲ ಹೆಚ್ಚು ಜಾಗ ಅದಕ್ಕೇ. ಟ್ರಾಮಾ ಅಂದರೆ ಆಘಾತ ಮನಸ್ಸಿನಲ್ಲಿ ಉಳಿಸಿದ ಗಾಯ, ಥೆರಪಿ ಅಂದರೆ ಅದಕ್ಕೆ ಮಾತಿನ ಮೂಲಕ ಚಿಕಿತ್ಸೆ. ಇದಕ್ಕಿಂತ ಹೆಚ್ಚು ಪಾಠ ಮಾಡುವುದಿಲ್ಲ.

ಪ್ರಶ್ನೆ: ಮೇಡಂ, ಹಲವು ವರ್ಷ ಹಿಂಸೆಯ ಸಂಸಾರದಲ್ಲಿದ್ದೆ. ಹೇಗೋ ಹೊರಗೆ ಬಂದೆ. ಪ್ರಾರ್ಥನೆಯೇ ನನ್ನನ್ನು ಉಳಿಸಿತು. ಈಗ ಸ್ವಂತ ಬಿಸಿನೆಸ್ ಇದೆ, ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಾರೆ. ಆದರೆ ಗಿರಾಕಿ ಸ್ವಲ್ಪ ದನಿ ಎತ್ತಿದರೂ ಕೈ ನಡುಗುತ್ತದೆ. ಅವರು ಕೇಳದಿದ್ದರೂ ರೇಟು ಇಳಿಸಿಬಿಡುತ್ತೇನೆ. ಬಾಕಿ ಕೇಳಲು ಫೋನ್ ಮಾಡುವುದಕ್ಕೇ ಆಗುವುದಿಲ್ಲ. ನಮ್ಮ ಪ್ರಾರ್ಥನೆ ಗುಂಪಿನ ಹಿರಿಯರು ‘ನೀನು ಪೂರ್ತಿ ಶರಣಾಗಿಲ್ಲ, ಪೂರ್ತಿ ಕ್ಷಮಿಸಿಲ್ಲ, ಅದಕ್ಕೇ ಹೀಗೆ’ ಅನ್ನುತ್ತಾರೆ. ನನ್ನ ನಂಬಿಕೆಯಲ್ಲೇ ಕೊರತೆ ಇದೆಯಾ?

ಉತ್ತರ: ಇಲ್ಲ. ಈ ಒಂದು ಪದ ಓದಿ ಪುಟ ಮಡಚಿಟ್ಟರೂ ಸಾಕು. ಆದರೆ ಕಾರಣ ಗೊತ್ತಾದರೆ ಆ ಹಿರಿಯರ ಎದುರು ನಿಲ್ಲುವುದು ಸುಲಭವಾಗುತ್ತದೆ.

ನೀವಿದ್ದ ಮನೆಯಲ್ಲಿ ದನಿ ಏರಿತು ಅಂದರೆ ಮುಂದೆ ಏಟು ಬೀಳುತ್ತದೆ ಅಂತಲೇ ಲೆಕ್ಕ. ಬೇಗ ತಪ್ಪೊಪ್ಪಿಕೊಂಡರೆ, ಅವರು ಕೇಳುವ ಮೊದಲೇ ಬಿಟ್ಟುಕೊಟ್ಟರೆ, ಕೆಲವು ಸಲ ಆ ಏಟು ತಪ್ಪುತ್ತಿತ್ತು. ನಿಮ್ಮ ದೇಹ ಅದನ್ನು ಕಲಿತುಕೊಂಡಿತು. ಜೋರು ದನಿ ಕಿವಿಗೆ ಬಿದ್ದ ಕೂಡಲೇ ಮಿದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲಾ ಕೆಲಸ ಶುರು ಮಾಡುತ್ತದೆ. ‘ಇವನು ಬರೀ ಗಿರಾಕಿ, ಆರ್ಡರ್ ತಡವಾಗಿದ್ದಕ್ಕೆ ಬೇಜಾರಾಗಿದ್ದಾನೆ ಅಷ್ಟೇ’ ಅಂತ ಯೋಚಿಸುವ ಭಾಗ ಆಮೇಲೆ ತಲುಪುತ್ತದೆ. ಅಷ್ಟರಲ್ಲಿ ನೀವು ರೇಟು ಇಳಿಸಿ ಆಗಿರುತ್ತದೆ. ಆ ಮನೆಯಲ್ಲಿ ನಿಮ್ಮನ್ನು ಬದುಕಿಸಿದ ಅಭ್ಯಾಸವೇ ಈಗ ನಿಮ್ಮ ಲಾಭ ತಿನ್ನುತ್ತಿದೆ. ಇದರಲ್ಲಿ ಭಕ್ತಿ ಜಾಸ್ತಿ, ಕಡಿಮೆ ಅನ್ನುವ ಮಾತು ಎಲ್ಲಿಂದ ಬಂತು?

ಪಿಟಿಎಸ್‌ಡಿ ಎಂಬ, ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಬೇರೆಯಾಗಿ ಗುರುತಿಸಿತು. ತಪ್ಪಿಸಿಕೊಳ್ಳಲು ಆಗದ ಜಾಗದಲ್ಲಿ ವರ್ಷಗಟ್ಟಲೆ ನಡೆದ ಹಿಂಸೆಯ ನಂತರ ಸಾಮಾನ್ಯವಾಗಿ ಕಾಣುವುದು ಇದು. ಹಳೆಯದು ಈಗಲೇ ನಡೆಯುತ್ತಿದೆ ಅನ್ನಿಸುವುದು, ಅದನ್ನು ನೆನಪಿಸುವುದರಿಂದ ದೂರ ಓಡುವುದು, ಸದಾ ಎಚ್ಚರದಲ್ಲೇ ಇರುವುದು. ಇವುಗಳ ಜೊತೆಗೆ ಭಾವನೆ ಹತೋಟಿಗೆ ಸಿಗದಿರುವುದು, ತಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನಿಸುವುದು, ಜನರ ಜೊತೆ ನಂಟು ಉಳಿಸಿಕೊಳ್ಳಲು ಒದ್ದಾಡುವುದು. ನಿಮಗೆ ಇದೇ ಇದೆ ಅಂತ ಪತ್ರ ನೋಡಿ ಹೇಳಲಾರೆ, ಹಾಗೆ ಹೇಳುವವರನ್ನು ನೀವೂ ನಂಬಬೇಡಿ. ಎದುರು ಕೂತು ಕೇಳುವ ಮನೋವೈದ್ಯರೋ ಕ್ಲಿನಿಕಲ್ ಸೈಕಾಲಜಿಸ್ಟೋ ಹೇಳಬೇಕಾದ ಮಾತು ಅದು. ಆದರೆ ಆ ಪಟ್ಟಿಯಲ್ಲಿ ‘ಶರಣಾಗತಿ ಸಾಲದು’ ಅಂತ ಎಲ್ಲೂ ಬರೆದಿಲ್ಲ.

ನನ್ನ ಹತ್ತಿರ ಸಲಹೆಗೆ ಬಂದಿದ್ದ ಒಬ್ಬರು ಫೋನನ್ನು ಮೇಜಿನ ಮೇಲೆ ಬೋರಲು ಇಡುತ್ತಿದ್ದರು. ಅದು ಒಮ್ಮೆ ಗುಂಯ್ ಅಂದರೆ ಸಾಕು, ಎರಡೂ ಭುಜ ಕಿವಿಯ ಹತ್ತಿರಕ್ಕೆ ಏರುತ್ತಿತ್ತು. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ತೆಗೆದು ನೋಡಿದರೆ ‘ನಾಳೆ ಮಾತಾಡೋಣ’ ಅಂತ ಗಿರಾಕಿಯ ಮೆಸೇಜ್. ಆ ಎರಡು ಪದದಲ್ಲಿ ಬೈಗುಳ ಎಲ್ಲಿದೆ ಅಂತ ಹುಡುಕುತ್ತಾ ಅವರು ರಾತ್ರಿ ಕಳೆಯುತ್ತಿದ್ದರು. ಬೆಳಿಗ್ಗೆ ಆ ಗಿರಾಕಿ ಕೇಳಿದ್ದು ಇನ್ನೊಂದು ಆರ್ಡರ್ ತಗೊಳ್ತೀರಾ ಅಂತ. ಊರೆಲ್ಲ ಅವರನ್ನು ‘ಎಷ್ಟು ಚುರುಕು, ಕೂಡಲೇ ಉತ್ತರ ಕೊಡುತ್ತಾಳೆ’ ಅಂತ ಹೊಗಳುತ್ತಿತ್ತು. ಆ ಚುರುಕಿನ ಹಿಂದೆ ಇದ್ದದ್ದು ಹೆದರಿಕೆ. ವ್ಯಾಪಾರ ಮಾಡುವ ಹೆಣ್ಣಿನ ಗಾಯ ತಡವಾಗಿ ಗೊತ್ತಾಗುವುದು ಇದಕ್ಕೇ. ರಜೆ ಇಲ್ಲದ ದುಡಿಮೆ, ಯಾರನ್ನೂ ನಂಬದೆ ಎಲ್ಲವನ್ನೂ ತಾನೇ ಮಾಡುವುದು, ಲೆಕ್ಕವನ್ನು ಹತ್ತು ಸಲ ನೋಡುವುದು, ಇವೆಲ್ಲ ಹೊರಗಿನವರಿಗೆ ಶಿಸ್ತಿನ ಹಾಗೆ ಕಾಣುತ್ತವೆ.

ಈಗ ನಂಬಿಕೆಯ ವಿಷಯ. ಅದರಿಂದ ಉಪಯೋಗವಿಲ್ಲ ಅಂತ ನಾನು ಹೇಳಿದರೆ ಅದು ಸುಳ್ಳು. ನಿದ್ದೆ ಬಾರದ ರಾತ್ರಿಯಲ್ಲಿ ಹಿಡಿದುಕೊಳ್ಳಲು ಒಂದು ಆಸರೆ, ದಿನಕ್ಕೊಂದು ಕ್ರಮ, ‘ನಿನಗೆ ಬೆಲೆ ಇದೆ’ ಅನ್ನುವ ಭರವಸೆ, ಸುತ್ತ ನಾಲ್ಕು ಜನ. ಇದನ್ನೆಲ್ಲ ನಂಬಿಕೆ ಕೊಟ್ಟಿದ್ದನ್ನು ನಾನು ನೋಡಿದ್ದೇನೆ. ಆದರೆ ಎಲ್ಲ ಭಕ್ತಿಯೂ ಒಂದೇ ಕೆಲಸ ಮಾಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಇದನ್ನೇ ಹಲವು ದಶಕ ಅಧ್ಯಯನ ಮಾಡಿದವರು. ಕಷ್ಟದಲ್ಲಿ ಜನ ದೇವರ ಕಡೆ ತಿರುಗುವುದರಲ್ಲಿ ಎರಡು ಬಗೆ ಅಂತ ಅವರು ತೋರಿಸಿದರು. ದೇವರು ನನ್ನ ಜೊತೆಗಿದ್ದಾನೆ, ನಾವಿಬ್ಬರೂ ಸೇರಿ ಇದನ್ನು ದಾಟುತ್ತೇವೆ ಅನ್ನುವುದು ಒಂದು. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಅನ್ನುವುದು ಇನ್ನೊಂದು. ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆ ಸೇರಿದ್ದ ವಯಸ್ಸಾದವರ ಸ್ಥಿತಿಯನ್ನು ಎರಡು ವರ್ಷದ ನಂತರ ನೋಡಿದಾಗ, ಎರಡನೇ ಬಗೆಯ ತೊಳಲಾಟ ಇದ್ದವರಲ್ಲಿ ಸಾವಿನ ಅಪಾಯ ಹೆಚ್ಚಾಗಿತ್ತು. ನಿಮ್ಮ ಹಿರಿಯರು ನಿಮ್ಮನ್ನು ಒಂದನೆಯದರಿಂದ ಎರಡನೆಯದಕ್ಕೆ ತಳ್ಳುತ್ತಿದ್ದಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ನನಗೆ ಅದು ಮುಖ್ಯವಲ್ಲ.

ನಿಮಗೆ ಒಂದು ಪರೀಕ್ಷೆ ಹೇಳುತ್ತೇನೆ. ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಬಾಕಿ ಕೇಳುವ ಆ ಫೋನ್ ಮಾಡಲು ಆಗುತ್ತದೆಯಾ? ಆಗುವುದಾದರೆ ಆ ಪ್ರಾರ್ಥನೆ ನಿಮಗೆ ಬಲ ಕೊಟ್ಟಿದೆ. ಫೋನ್ ಮಾಡದೇ ಇರುವುದಕ್ಕಾಗಿ ಪ್ರಾರ್ಥನೆಯನ್ನೇ ಇನ್ನೊಂದು ಗಂಟೆ ಮುಂದುವರಿಸುತ್ತೀರಾ? ಹಾಗಿದ್ದರೆ ನೀವು ತಪ್ಪಿಸಿಕೊಳ್ಳುತ್ತಿದ್ದೀರಿ. ಟ್ರಾಮಾವನ್ನು ಜೀವಂತ ಇಡುವುದರಲ್ಲಿ ತಪ್ಪಿಸಿಕೊಳ್ಳುವುದರ ಪಾಲು ದೊಡ್ಡದು. ದೂರ ಓಡಿದಷ್ಟೂ ಹೆದರಿಕೆ ಬೆಳೆಯುತ್ತದೆ.

ಕ್ಷಮೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಕ್ಷಮಿಸಿದರೆ ಮಾತ್ರ ಗುಣವಾಗುತ್ತೀರಿ ಅನ್ನುವುದು ಸುಳ್ಳು. ಚಿಕಿತ್ಸೆಗೆ ಕ್ಷಮೆ ಷರತ್ತಲ್ಲ. ಒಂದು ದಿನ ನಿಮಗೇ ಕ್ಷಮಿಸಬೇಕು ಅನ್ನಿಸಿದರೆ ಕ್ಷಮಿಸಿ, ಅನ್ನಿಸದಿದ್ದರೆ ಬೇಡ. ಕ್ಷಮಿಸಿದರೂ ಆ ಮನುಷ್ಯನ ಜೊತೆ ಮತ್ತೆ ಒಂದೇ ಸೂರಿನಡಿ ಇರಬೇಕಾಗಿಲ್ಲ. ಅವನಿಗೆ ನಿಮ್ಮ ಅಂಗಡಿಯ ವಿಳಾಸ ಕೊಡಬೇಕಾಗಿಲ್ಲ. ಪೊಲೀಸ್ ದೂರು ಹಿಂತೆಗೆಯಬೇಕಾಗಿಲ್ಲ. ಹೊಡೆತ ತಿಂದವಳಿಗೆ ಕ್ಷಮೆಯ ಪಾಠ ಹೇಳುವವರು ಹೊಡೆದವನಿಗೆ ಏನು ಹೇಳಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ.

ಮಾಡಬೇಕಾದ್ದು ಏನು? ಮೊದಲು ಟ್ರಾಮಾದಲ್ಲಿ ತರಬೇತಿ ಇರುವ ಥೆರಪಿಸ್ಟ್ ಹುಡುಕಿ. ಟ್ರಾಮಾಗೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಥೆರಪಿ) ಮತ್ತು ಇಎಂಡಿಆರ್ (ಕಣ್ಣು ಆಡಿಸುತ್ತಾ ಹಳೆಯ ನೆನಪನ್ನು ಎದುರಿಸುವ ಥೆರಪಿ), ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಸೂಚಿಸಿದೆ. ಸಾಮಾನ್ಯವಾಗಿ 8ರಿಂದ 12 ಭೇಟಿ ಬೇಕಾಗುತ್ತದೆ. ವರ್ಷಗಟ್ಟಲೆ ನಡೆದ ಹಿಂಸೆಯಾದರೆ ಇನ್ನೂ ಹೆಚ್ಚು. ಮೊದಲ ಭೇಟಿಯಲ್ಲೇ ‘ನನಗೆ ದೇವರು ಮುಖ್ಯ’ ಅಂತ ಹೇಳಿಬಿಡಿ. ಅದಕ್ಕೆ ನಗುವ ಥೆರಪಿಸ್ಟ್ ಬೇಡ. ತಾನೇ ಉಪದೇಶ ಶುರು ಮಾಡುವ ಥೆರಪಿಸ್ಟ್ ಅಂತೂ ಬೇಡವೇ ಬೇಡ.

ಅಲ್ಲಿಯವರೆಗೆ ವ್ಯಾಪಾರವನ್ನು ನಡುಗುವ ಕೈಗೆ ಬಿಡಬೇಡಿ. ರೇಟುಗಳನ್ನು ಬರೆದು ಗೋಡೆಗೆ ಅಂಟಿಸಿ, ಗಿರಾಕಿಗೆ ಅದನ್ನೇ ತೋರಿಸಿ. ಯಾರೇ ರಿಯಾಯಿತಿ ಕೇಳಲಿ, ‘ನೋಡಿ ನಾಳೆ ಹೇಳುತ್ತೇನೆ’ ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ. ಆ ಒಂದು ರಾತ್ರಿಯಲ್ಲಿ ಯೋಚಿಸುವ ಭಾಗ ಎಚ್ಚರವಾಗುತ್ತದೆ. ಬಾಕಿ ಫೋನನ್ನು ಮೊದಮೊದಲು ಕೈಕೆಳಗಿನವರೊಬ್ಬರು ಮಾಡಲಿ, ನೀವು ಪಕ್ಕದಲ್ಲಿ ಕೂತು ಕೇಳಿ. ಆಮೇಲೆ ಸೌಮ್ಯವಾಗಿ ಮಾತಾಡುವ ಒಬ್ಬ ಗಿರಾಕಿಗೆ ನೀವೇ ಮಾಡಿ. ಮಾಡುವ ಮೊದಲು ಚಿಕ್ಕದೊಂದು ಪ್ರಾರ್ಥನೆ, ಪಾದ ಎರಡೂ ನೆಲಕ್ಕೆ ಒತ್ತಿ, ಉಸಿರು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಜೋರು ಗಿರಾಕಿ ಕೊನೆಗೆ.

ಒಂದು ಎಚ್ಚರಿಕೆ, ಇದರಲ್ಲಿ ನಾನು ಸ್ವಲ್ಪ ಅತಿ ಅನ್ನಿಸಿದರೂ ಪರವಾಗಿಲ್ಲ. ಒಬ್ಬನೇ ವ್ಯಕ್ತಿ ನಿಮ್ಮ ಗುರುವೂ, ಕೌನ್ಸೆಲರೂ, ಬಂಡವಾಳ ಕೊಟ್ಟವನೂ ಆಗುವುದು ಬೇಡ. ಆಗ ಅವನ ಒಂದು ಮಾತು ತಪ್ಪು ಅನ್ನಿಸಿದರೂ ಬಾಯಿ ಬಿಡಲು ಆಗುವುದಿಲ್ಲ. ದೇವರು, ಗುಟ್ಟು, ದುಡ್ಡು ಮೂರೂ ಅವನ ಕೈಯಲ್ಲಿರುತ್ತವೆ. ಒಬ್ಬನ ಹಿಡಿತದಿಂದ ಹೊರಬಂದವಳು ಇನ್ನೊಂದು ಹಿಡಿತಕ್ಕೆ ಬೀಳುವುದು ಬಹಳ ಸಲ ಹೀಗೇ. ‘ನಮ್ಮವರೇ’ ಅನ್ನುವ ವಿಶ್ವಾಸದ ಮೇಲೆ ನಡೆಯುವ ಮೋಸ ಹೊಸದೂ ಅಲ್ಲ. 2008ರಲ್ಲಿ ಬಯಲಾದ, ಅಮೆರಿಕದ ಹೂಡಿಕೆ ವ್ಯವಹಾರಸ್ಥ ಬರ್ನಿ ಮೇಡಾಫ್‌ನ ವಂಚನೆಯಲ್ಲಿ ಅವನದೇ ಯಹೂದಿ ಸಮುದಾಯದ ಎಷ್ಟೋ ದತ್ತಿ ಸಂಸ್ಥೆಗಳು ಹಣ ಕಳೆದುಕೊಂಡವು. ಪ್ರಾರ್ಥನೆಯಲ್ಲಿ ಪಕ್ಕ ಕೂರುವವರ ಜೊತೆಗೂ ಕಾಗದದ ಮೇಲೆ ಬರೆದೇ ವ್ಯವಹಾರ ಮಾಡಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲಿರಲಿ, ಪಾಸ್‌ವರ್ಡ್ ನಿಮ್ಮ ತಲೆಯಲ್ಲಿರಲಿ.

ಪ್ರಶ್ನೆ: ಮಾತ್ರೆ ತಗೊಂಡರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಆಗುತ್ತಾ?

ಉತ್ತರ: ಆಗುವುದಿಲ್ಲ. ಯಾರೋ ಹೇಳಿದರು ಅಂತ ಮಾತ್ರೆಯನ್ನು ದಿಢೀರ್ ನಿಲ್ಲಿಸಬೇಡಿ.

ಪ್ರಶ್ನೆ: ಮೂರು ದಿನದ ಶಿಬಿರದಲ್ಲಿ ಎಲ್ಲರೆದುರು ನಡೆದದ್ದನ್ನೆಲ್ಲ ಹೇಳಿಸಿ, ನಕಾರಾತ್ಮಕ ಶಕ್ತಿ ತೆಗೆದು, ವ್ಯಾಪಾರಕ್ಕಿದ್ದ ತಡೆಯನ್ನೂ ಬಿಡಿಸುತ್ತಾರಂತೆ. ಹೋಗಲಾ?

ಉತ್ತರ: ಬೇಡ. ಗಾಯ ಮಾಗದವರನ್ನು ಒಂದೇ ಸಲಕ್ಕೆ ಎಲ್ಲ ಹೇಳಿಸಿದರೆ ಹಗುರಾಗುತ್ತಾರೆ ಅನ್ನುವುದು ಹಳೆಯ ನಂಬಿಕೆ. ಘಟನೆ ನಡೆದ ಕೂಡಲೇ ಒಂದೇ ಕೂತಿನಲ್ಲಿ ಎಲ್ಲವನ್ನೂ ಹೇಳಿಸುವ ಡಿಬ್ರೀಫಿಂಗ್ ಪದ್ಧತಿಯನ್ನು ಪರೀಕ್ಷಿಸಿ ನೋಡಿದಾಗ ಅದು ಪಿಟಿಎಸ್‌ಡಿಯನ್ನು ತಡೆಯಲಿಲ್ಲ, ಕೆಲವರಿಗೆ ಕೆಟ್ಟದ್ದೇ ಆಯಿತು. ಅದೂ ತರಬೇತಿ ಪಡೆದವರು ಮಾಡಿಸಿದಾಗ. ಶಿಬಿರದವರಿಗೆ ಆ ತರಬೇತಿಯೂ ಇಲ್ಲ. ಮೂರನೇ ದಿನದ ರಾತ್ರಿ ನೀವು ಮನೆಯಲ್ಲಿ ಒಬ್ಬರೇ ಕುಸಿದರೆ ಅವರು ಫೋನ್ ಎತ್ತುವುದಿಲ್ಲ. ಕುಸಿದು ನನ್ನ ಹತ್ತಿರ ಬಂದವರನ್ನು ನೋಡಿ ಹೇಳುತ್ತಿದ್ದೇನೆ.

ಪ್ರಶ್ನೆ: ನನ್ನ ಅಕ್ಕನಿಗೂ ಅದೇ ಮನೆಯಲ್ಲಿ ಅದೇ ಆಯಿತು. ಅವಳು ಆರಾಮಾಗಿದ್ದಾಳೆ. ನನಗೇ ಯಾಕೆ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನ ಸುಮಾರು ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತದ ಘಟನೆ ನೋಡುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಬರುವುದು ಶೇ 5.6ರಷ್ಟು ಮಂದಿಗೆ. ವಯಸ್ಸು, ಹಿಂಸೆಯ ಬಗೆ, ಆಮೇಲೆ ಆಸರೆಗೆ ಯಾರಿದ್ದರು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಕ್ಕನ ಜೊತೆ ಹೋಲಿಕೆ ಬಿಡಿ. ಅವರು ನಿಜಕ್ಕೂ ಆರಾಮಾಗಿದ್ದಾರೋ ಇಲ್ಲವೋ ನಿಮಗೂ ಗೊತ್ತಿಲ್ಲ.

ಪ್ರಶ್ನೆ: ನಾನು ಬಿಸಿನೆಸ್ ಕಟ್ಟಲಿ ಅಂತಲೇ ದೇವರು ಆ ನೋವು ಕೊಟ್ಟ ಅನ್ನುತ್ತಾರೆ. ಹೌದಾ?

ಉತ್ತರ: ನಿಮ್ಮ ಬದುಕಿನ ಬಗ್ಗೆ ನಿಮಗೆ ಹಾಗೆ ಅನ್ನಿಸಿದರೆ ಅದು ನಿಮ್ಮ ಹಕ್ಕು. ಬೇರೆಯವರು ನಿಮಗೆ ಹೇಳುವ ಹಾಗಿಲ್ಲ. ಆಘಾತದ ನಂತರದ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಕೂಡ, ಬೆಳವಣಿಗೆ ಬರುವುದು ಪೆಟ್ಟಿನಿಂದಲ್ಲ, ಅದರ ಜೊತೆ ನಡೆಸಿದ ಹೋರಾಟದಿಂದ ಅಂದರು. ನೋವು ಮತ್ತು ಬೆಳವಣಿಗೆ ಒಟ್ಟಿಗೇ ಇರಬಹುದು ಅಂತಲೂ ಹೇಳಿದರು. ಬಿಸಿನೆಸ್ ಕಟ್ಟಿದ್ದು ನೀವು. ಆ ಶ್ರೇಯಸ್ಸನ್ನು ಹೊಡೆದವನಿಗೆ ಹಂಚಬೇಡಿ.

ಪ್ರಶ್ನೆ: ನನ್ನ ಕಥೆ ಹೇಳಿದರೆ ಬ್ರ್ಯಾಂಡ್ ಬೆಳೆಯುತ್ತದೆ, ಬೇರೆಯವರಿಗೂ ಸ್ಫೂರ್ತಿ ಅನ್ನುತ್ತಾರೆ. ವೇದಿಕೆ ಮೇಲೆ ಹೇಳಲಾ?

ಉತ್ತರ: ಈಗಲೇ ಬೇಡ. ಒಮ್ಮೆ ಹೊರಗೆ ಹೋದ ಕಥೆ ವಾಪಸ್ ಬರುವುದಿಲ್ಲ. ನಿಮ್ಮ ಮಕ್ಕಳು ಓದುತ್ತಾರೆ, ಹೊಡೆದವನು ಓದುತ್ತಾನೆ, ಕೋರ್ಟಿನಲ್ಲಿ ಕೇಸಿದ್ದರೆ ಅವನ ವಕೀಲರೂ ಓದುತ್ತಾರೆ. ‘ದೇವರು ನನ್ನನ್ನು ಪೂರ್ತಿ ಗುಣಪಡಿಸಿದ’ ಅಂತ ಮೈಕ್ ಹಿಡಿದು ಹೇಳಿದ ಮೇಲೆ, ಮರುದಿನ ರಾತ್ರಿ ಮತ್ತೆ ಬೆಚ್ಚಿ ಎದ್ದರೆ ಅದನ್ನು ಯಾರ ಹತ್ತಿರ ಹೇಳುತ್ತೀರಿ? ಎಷ್ಟೋ ಹೆಣ್ಣುಮಕ್ಕಳು ಥೆರಪಿ ಬಿಟ್ಟದ್ದು ಆ ಸಂಕೋಚಕ್ಕೇ. ಕೊಳ್ಳುವವರು ನಿಮ್ಮ ಕೆಲಸ ಚೆನ್ನಾಗಿದೆ ಅಂತ ಕೊಳ್ಳಲಿ. ಮುಂದೊಂದು ದಿನ ಹೇಳಬೇಕು ಅನ್ನಿಸಿದರೆ, ಯಾವ ಭಾಗ ಹೇಳಬಾರದು ಅಂತ ಮೊದಲು ತೀರ್ಮಾನಿಸಿ.

ಪ್ರಶ್ನೆ: ಬಿಸಿನೆಸ್ ಮುಳುಗಿದರೆ ನಾನು ಗುಣವಾಗಿಲ್ಲ ಅಂತಲಾ?

ಉತ್ತರ: ಅಲ್ಲ. ಬೇಡಿಕೆ ಬಿತ್ತು, ಬಾಡಿಗೆ ಏರಿತು, ಪಾಲುದಾರ ಕೈಕೊಟ್ಟ. ಎಂದೂ ಪೆಟ್ಟು ತಿನ್ನದವರ ವ್ಯಾಪಾರವೂ ಹೀಗೆಲ್ಲ ಮುಚ್ಚುತ್ತದೆ.

ಕೊನೆಗೆ, ಪತ್ರದ ಅಡಿಯಲ್ಲಿ ‘ಇನ್ನು ಬದುಕಿ ಏನು ಪ್ರಯೋಜನ’ ಅಂತ ಒಂದು ಸಾಲು ಸೇರಿಸಿದವರಿಗೆ. ಆ ಸಾಲನ್ನು ನಾನು ಓದಿದ್ದೇನೆ. ದಯವಿಟ್ಟು ಈ ಅಂಕಣದ ಉತ್ತರಕ್ಕೆ ಕಾಯಬೇಡಿ. ಇವತ್ತೇ ನಿಮ್ಮ ಊರಿನ ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಂಬುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ರಾತ್ರಿ ಒಬ್ಬರೇ ಇರಬೇಡಿ. ಅಂಗಡಿ ನಾಳೆ ತೆರೆಯದಿದ್ದರೂ ನಡೆಯುತ್ತದೆ.