ಖಿನ್ನತೆಗೆ ಡಾಕ್ಟರ್ ಇದ್ದಾರೆ, ಮಾತ್ರೆ ಇದೆ. ಅದೇ ಕಾಯಿಲೆ ಕಂಡ ಇನ್ನೊಬ್ಬರ ಹತ್ತಿರ ಮಾತಾಡಿ ಏನು ಉಪಯೋಗ? ಹಾಸನದಿಂದ ನೀವು ಹೀಗೆ ಕೇಳಿದಿರಿ.

ನನಗಂತೂ ಉಪಯೋಗ ಆಯಿತು. ಹೇಗೆ ಅಂತ ಹೇಳುತ್ತೇನೆ.

ಚಿಕ್ಕಮಗಳೂರಲ್ಲಿ ಮನೋವೈದ್ಯರ ಕೋಣೆ ಹೊರಗೆ ಚೀಟಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಆಲ್ದೂರು ಕಡೆಯವರೊಬ್ಬರು, ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ನನಗಿಂತ ಹತ್ತು ವರ್ಷ ದೊಡ್ಡವರು. ಮನೆಯಲ್ಲಿ ಎಲ್ಲರೂ "ನಿಂಗೇನು ಕಮ್ಮಿಯಾಗಿದೆ?" ಅಂತ ಕೇಳುತ್ತಿದ್ದರು. ಇವರು ಕೇಳಿದ್ದೇ ಬೇರೆ. "ಬೆಳಿಗ್ಗೆ ಹಲ್ಲುಜ್ಜೋಕೆ ಆಗ್ತದಾ ಮಾರಾಯ?"

ಇಲ್ಲ ಅಂದೆ.

"ಬ್ರಶ್ಶಿಗೆ ಪೇಸ್ಟ್ ಹಾಕಿಟ್ಟು ವಾಪಸ್ ಮಲಗ್ತೀಯ, ಅಲ್ವಾ?"

ಹಾಗೇ ಮಾಡುತ್ತಿದ್ದೆ. ಸೋಮಾರಿತನ ಅಂದುಕೊಂಡು ಹೆಂಡತಿಗೂ ಹೇಳಿರಲಿಲ್ಲ.

ಮಾತ್ರೆಯ ಗುಣ ಕಾಣೋಕೆ ಕೆಲವು ವಾರ ಬೇಕು ಅಂತ ಡಾಕ್ಟರ್ ಹೇಳಿಯೇ ಇದ್ದರು. ಆದರೂ ಐದನೇ ದಿನ ಹೊಟ್ಟೆ ತೊಳಸಿ, ಬಿಟ್ಟೇಬಿಡೋಣ ಅನ್ನಿಸಿದಾಗ ಫೋನ್ ಮಾಡಿದ್ದು ಇವರಿಗೆ. "ನಂಗೂ ಹಿಂಗೇ ಆಗಿತ್ತು. ನಾಳೆ ಡಾಕ್ಟರಿಗೆ ಹೇಳು. ನೀನೇ ನಿಲ್ಲಿಸ್ಬೇಡ" ಅಂದರು. ಅಷ್ಟೇ ಮಾತು. ನಿಲ್ಲಿಸಲಿಲ್ಲ.

ಮುಂದಿನ ವರ್ಷ ಜುಲೈ ಮಳೆಯಲ್ಲಿ ಅವರೇ ಫೋನ್ ಎತ್ತೋದು ಬಿಟ್ಟರು. ಬಸ್ಸು ಹತ್ತಿ ಹೋದೆ. ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದರು. "ಹಲ್ಲುಜ್ಜಿದ್ರಾ ಅಣ್ಣ?" ಅಂದೆ. ನಕ್ಕರು. ಉಜ್ಜಿರಲಿಲ್ಲ. ಮಾರನೇ ದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ನಿಜ ಹೇಳಬೇಕೆಂದರೆ ಆ ವಾರ ನನಗೇ ಜಾಸ್ತಿ ಗೆಲುವಾಗಿತ್ತು.

ಇದೇನು ಹೊಸದಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಬಿಲ್ ವಿಲ್ಸನ್ ಅನ್ನುವವರಿಗೆ, ಬಿಟ್ಟಿದ್ದ ಕುಡಿತ ಮತ್ತೆ ಎಳೆಯತೊಡಗಿತು. ಆಗ ಅವರು ಹುಡುಕಿದ್ದು ಇನ್ನೊಬ್ಬ ಕುಡಿತದ ರೋಗಿಯನ್ನು, ತಾನು ಉಳಿಯೋಕೆ. ಸಿಕ್ಕವರು ಬಾಬ್ ಸ್ಮಿತ್, ಸ್ವತಃ ಡಾಕ್ಟರ್! ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಶುರುವಾಗಿದ್ದು ಆ ಭೇಟಿಯಿಂದ.

ಒಂದು ಎಚ್ಚರಿಕೆ. ನಮ್ಮ ರೈಟರ್ ಒಮ್ಮೆ ಪ್ರೀತಿಯಿಂದಲೇ ತಮ್ಮ ನಿದ್ದೆ ಮಾತ್ರೆ ಅರ್ಧ ಕೊಡೋಕೆ ಬಂದಿದ್ದರು. ಬೇಡ ಅಂದೆ. ಮಾತ್ರೆ ವಿಷಯ ಡಾಕ್ಟರದ್ದೇ. ಸಾಯುವ ಯೋಚನೆ ಬಂದರೆ ಸ್ನೇಹಿತರು ಫೋನ್ ಎತ್ತಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ನೀವು ಹಾಸನದವರು ಅಂದಿರಿ. ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರನ್ನೇ ಕೇಳಿ, ಖಿನ್ನತೆ ಗುಣವಾದವರಲ್ಲಿ ಮಾತಾಡೋಕೆ ಒಪ್ಪುವವರು ಯಾರಾದರೂ ಇದ್ದಾರಾ ಅಂತ. ಇಲ್ಲ ಅಂದರೆ ಹೊರಗಿನ ಬೆಂಚಲ್ಲಿ ಪಕ್ಕದವರಿಗೆ ಸುಮ್ನೆ ಟೋಕನ್ ನಂಬರ್ ಕೇಳಿ ನೋಡಿ.