ನೀವು ಕೇಳುತ್ತಿರುವುದು ಯಾವ ಮಿಕ್ಸ್? ಇಟಲಿ, ಬ್ರಿಟನ್ ಆಲ್ಬಮ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಇಟಲಿಯ ಗಾಯಕ ಲೂಚೊ ಬತ್ತಿಸ್ತಿ ಅವರ ‘ಆನಿಮಾ ಲತೀನಾ’ ಹಾಕಿದರೆ ವಾದ್ಯಗಳೆಲ್ಲ ಚೆನ್ನಾಗಿ ಕೇಳುತ್ತವೆ, ಹಾಡುವ ದನಿ ಮಾತ್ರ ಎಲ್ಲೋ ಹಿಂದೆ ಉಳಿಯುತ್ತದೆ. ನನ್ನ ಸ್ಪೀಕರ್ ಕೆಟ್ಟಿದೆಯೇ? ಈಕ್ವಲೈಜರ್‌ನಲ್ಲಿ ಸರಿಮಾಡಿಕೊಳ್ಳಬಹುದೇ?

ಉತ್ತರ: ಸ್ಪೀಕರ್ ಬಹುಶಃ ಸರಿಯಾಗಿಯೇ ಇದೆ. 1974ರ ಈ ಆಲ್ಬಮ್‌ನಲ್ಲಿ ಬತ್ತಿಸ್ತಿ ತಮ್ಮ ದನಿಯನ್ನು ಬೇಕೆಂದೇ ತಗ್ಗಿಸಿ ಮಿಕ್ಸ್ (ಬೇರೆಬೇರೆಯಾಗಿ ಮುದ್ರಿಸಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು) ಮಾಡಿಸಿದ್ದಾರೆ. ಕೇಳುವವರು ಸುಮ್ಮನೆ ಕೂರದೆ ಕಿವಿಗೊಟ್ಟು ಹುಡುಕಲಿ ಎಂಬ ಹಟ ಅದು. ಖಚಿತ ಮಾಡಿಕೊಳ್ಳಬೇಕಿದ್ದರೆ ಅದೇ ವಾಲ್ಯೂಮ್‌ನಲ್ಲಿ ಅವರ 1970ರ ‘ಎಮೊತ್ಸಿಯೋನಿ’ ಹಾಕಿ. ಅಲ್ಲಿ ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ, ಮುಂದೆಯೇ ನಿಂತಿರಬೇಕು. ಅಲ್ಲೂ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಷ್ಟು ಚದುರಿದ್ದರೆ, ಬೇಸ್ ಕೂಡ ಸೊರಗಿದ್ದರೆ, ಒಂದು ಸ್ಪೀಕರ್‌ನ ತಂತಿ ತಿರುಗುಮುರುಗಾಗಿದೆ. ಆಂಪ್ಲಿಫೈಯರ್‌ನ ಕೆಂಪು ತುದಿ ಸ್ಪೀಕರ್‌ನ ಕೆಂಪು ತುದಿಗೇ ಹೋಗಿದೆಯೇ ಎಂದು ಎರಡೂ ಕಡೆ ನೋಡಿ.

ಈಕ್ವಲೈಜರ್ ಬೇಡ. ದನಿ ಎದ್ದುಕಾಣಲೆಂದು 1ರಿಂದ 3 ಕಿಲೋಹರ್ಟ್ಸ್ ಭಾಗವನ್ನು ಎತ್ತಿದರೆ ಅದೇ ಜಾಗದಲ್ಲಿರುವ ಗಿಟಾರ್, ತುತ್ತೂರಿಗಳೂ ಜೊತೆಗೇ ಏಳುತ್ತವೆ. ದನಿ ಹಿಂದಿದ್ದಲ್ಲೇ ಇರುತ್ತದೆ, ಕಿವಿಗೆ ಚುಚ್ಚುವುದಷ್ಟೇ ಲಾಭ. ಒಟ್ಟು ವಾಲ್ಯೂಮ್ 3–4 ಡೆಸಿಬೆಲ್ ಹೆಚ್ಚಿಸಿ ಕೇಳಿ. ಬತ್ತಿಸ್ತಿ ಆಲ್ಬಮ್‌ಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಮ್ಮ ಆಯ್ಕೆ ಇದೇ. ಇಂಗ್ಲಿಷಿನಲ್ಲಿ ಹಾಡಿದ 1977ರ ‘ಇಮೇಜಸ್’ ಬಿಟ್ಟರೆ ನಷ್ಟವೇನಿಲ್ಲ.

ಪ್ರಶ್ನೆ: ಬ್ರಿಟನ್ನಿನ ಎಕ್ಸ್‌ಟಿಸಿ ತಂಡದ ‘ಸ್ಕೈಲಾರ್ಕಿಂಗ್’ ಬಗ್ಗೆ ಎಲ್ಲರೂ ಹೊಗಳುತ್ತಾರೆ. ನನ್ನಲ್ಲಿರುವ ಹಳೆಯ ಸಿಡಿಯಲ್ಲಿ ಮಾತ್ರ ಸದ್ದು ತೆಳುವಾಗಿದೆ. ಪೋಲಾರಿಟಿ ತಪ್ಪಿತ್ತು ಎನ್ನುತ್ತಾರಲ್ಲ, ಏನದು? ಹೊಸ ಪ್ರತಿ ಕೊಳ್ಳಲೇಬೇಕೇ?

ಉತ್ತರ: ಟಾಡ್ ರಂಡ್‌ಗ್ರೆನ್ ನಿರ್ಮಿಸಿದ 1986ರ ಈ ಆಲ್ಬಮ್‌ನ ಸ್ಟೀರಿಯೊ ಮಾಸ್ಟರ್ ಟೇಪಿನಲ್ಲೇ (ಎಲ್ಲ ಪ್ರತಿಗಳಿಗೂ ಮೂಲವಾದ ಟೇಪು) ಪೋಲಾರಿಟಿ ತಿರುಗಿತ್ತು. ಅಂದರೆ ಡ್ರಮ್ಮಿನ ಪೆಟ್ಟಿಗೆ ಸ್ಪೀಕರ್‌ನ ಕೋನ್ ಮುಂದಕ್ಕೆ ತಳ್ಳಬೇಕಾದ ಗಳಿಗೆಯಲ್ಲಿ ಹಿಂದಕ್ಕೆ ಎಳೆಯುತ್ತಿತ್ತು. ಎರಡೂ ಚಾನೆಲ್ ಒಟ್ಟಿಗೇ ತಿರುಗಿದ್ದರಿಂದ ದನಿ ಚದುರಲಿಲ್ಲ, ಹಾಗಾಗಿ ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ. ಮಾಸ್ಟರಿಂಗ್ (ಪ್ರತಿ ಅಚ್ಚಾಗುವ ಮುನ್ನ ಸದ್ದಿಗೆ ಕೊನೆಯ ಹದ ಕೊಡುವ ಕೆಲಸ) ಎಂಜಿನಿಯರ್ ಜಾನ್ ಡೆಂಟ್ ಇದನ್ನು ಪತ್ತೆ ಹಚ್ಚಿದ ಮೇಲೆ, 2010ರಲ್ಲಿ ಸರಿಪಡಿಸಿದ ಪ್ರತಿ ಎಲ್‌ಪಿಯಾಗಿ ಬಂತು. 2016ರಲ್ಲಿ ಸ್ಟೀವನ್ ವಿಲ್ಸನ್ ಅವರ ಹೊಸ ಮಿಕ್ಸ್ ಕೂಡ ಬಂತು.

ಕೊಳ್ಳುವ ಮೊದಲು ನೀವೇ ಪರೀಕ್ಷಿಸಿ ನೋಡಿ. ಸಿಡಿಯ ಒಂದು ಹಾಡನ್ನು ವೇವ್ ಫೈಲಾಗಿ ಕಂಪ್ಯೂಟರ್‌ಗೆ ಇಳಿಸಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದು, ಕೆಳಗೆ ಅದರದೇ ಇನ್ನೊಂದು ನಕಲು ಇಡಿ. ನಕಲನ್ನು ಇಡಿಯಾಗಿ ಆಯ್ದು ‘ಇನ್ವರ್ಟ್’ ಕೊಡಿ. ಇಲ್ಲಿ ಎರಡು ಕಡೆ ಎಡವಬಹುದು. ಒಂದೇ ಚಾನೆಲ್ ತಿರುಗಿಸಿದರೆ ನಡುವಿನ ದನಿಯೂ ಬೇಸೂ ಕರಗಿಹೋಗುತ್ತವೆ, ಆದ್ದರಿಂದ ಎಡ ಬಲ ಎರಡೂ ತಿರುಗಬೇಕು. ಎರಡೂ ಟ್ರ್ಯಾಕ್ ಒಟ್ಟಿಗೆ ನುಡಿಸಿದರೆ ಒಂದನ್ನೊಂದು ಅಳಿಸಿ ಪೂರ್ತಿ ನಿಶ್ಶಬ್ದವಾಗುತ್ತದೆ, ಹಾಗಾಗಿ ‘ಸೋಲೊ’ ಒತ್ತಿ ಒಂದೊಂದನ್ನೇ ಕೇಳಿ. ಇನ್ವರ್ಟ್ ಮಾಡಿದರೆ ಗಟ್ಟಿತನ ಬದಲಾಗುವುದಿಲ್ಲವಾದ್ದರಿಂದ ಹೋಲಿಕೆಗೆ ಮೋಸವಿಲ್ಲ. ಕಿಕ್ ಡ್ರಮ್ಮಿನ ಪೆಟ್ಟು, ಬೇಸ್ ಗಿಟಾರಿನ ಆರಂಭದ ಮೀಟು ಇವೆರಡಕ್ಕೇ ಕಿವಿ ಕೊಡಿ.

ಪವಾಡ ಮಾತ್ರ ನಿರೀಕ್ಷಿಸಬೇಡಿ. 2010ರ ಪ್ರತಿ ಬರೀ ತಂತಿ ತಿರುಗಿಸಿದ್ದಲ್ಲ, ಹೊಸದಾಗಿ ಮಾಸ್ಟರಿಂಗ್ ಆದದ್ದು. ಕೇಳುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಯಾವುದರದು ಎಂದು ಬೇರ್ಪಡಿಸುವುದು ಕಷ್ಟ. ಇನ್ವರ್ಟ್ ಮಾಡಿದ ನಕಲಿನಲ್ಲೇ ತೃಪ್ತಿ ಸಿಕ್ಕರೆ ಹಣ ಉಳಿಯಿತು.

ಪ್ರಶ್ನೆ: ಬೀಟಲ್ಸ್ ಕೇಳಬೇಕಾದ್ದು ಮೋನೊದಲ್ಲೋ ಸ್ಟೀರಿಯೊದಲ್ಲೋ? ಆಂಪ್ಲಿಫೈಯರ್‌ನ ಮೋನೊ ಬಟನ್ ಒತ್ತಿದರೆ ಸಾಲದೇ?

ಉತ್ತರ: ಸಾಲದು. ಸ್ಟೀರಿಯೊ ಎಂದರೆ ಎಡ ಬಲಕ್ಕೆ ಬೇರೆಬೇರೆ ಸದ್ದು, ಮೋನೊ ಎಂದರೆ ಎರಡಕ್ಕೂ ಒಂದೇ. ಮೋನೊ ಬಟನ್ ಸ್ಟೀರಿಯೊ ಮಿಕ್ಸಿನ ಎರಡು ಚಾನೆಲ್‌ಗಳನ್ನು ಬೆರೆಸುತ್ತದೆ ಅಷ್ಟೆ. ಮೋನೊ ಮಿಕ್ಸ್ ಬೇರೆಯೇ ಕೂತು ಮಾಡಿದ್ದು. 1967ರ ‘ಸಾರ್ಜೆಂಟ್ ಪೆಪ್ಪರ್ಸ್’ನಲ್ಲಿ ‘ಶೀಸ್ ಲೀವಿಂಗ್ ಹೋಮ್’ ಹಾಡನ್ನು ತೆಗೆದುಕೊಳ್ಳಿ. ಮೋನೊದಲ್ಲಿ ಅದರ ವೇಗ ಹೆಚ್ಚು, ಶ್ರುತಿ ಸುಮಾರು ಅರ್ಧ ಸ್ವರ ಮೇಲೆ. ಸ್ಟೀರಿಯೊದಲ್ಲಿ ಹಾಡು ಕಾಲೆಳೆಯುತ್ತದೆ. ಯಾವ ಬಟನ್ ಒತ್ತಿದರೂ ಅದು ಸರಿಹೋಗದು. ಇದಕ್ಕೆ ತದ್ವಿರುದ್ಧವಾಗಿ, 1968ರ ‘ವೈಟ್ ಆಲ್ಬಮ್’ನ ‘ಹೆಲ್ಟರ್ ಸ್ಕೆಲ್ಟರ್’ ಮೋನೊದಲ್ಲಿ ಗಿಡ್ಡ. ಬೆರಳಲ್ಲಿ ಬೊಬ್ಬೆ ಎದ್ದಿದೆ ಎಂದು ಕೊನೆಯಲ್ಲಿ ರಿಂಗೊ ಅರಚುವುದು ಸ್ಟೀರಿಯೊದಲ್ಲಿ ಮಾತ್ರ ಇದೆ.

ನಮ್ಮ ಸಲಹೆ: 1967ರವರೆಗೆ ಮೋನೊ, ‘ವೈಟ್ ಆಲ್ಬಮ್’ಗೆ ಸ್ಟೀರಿಯೊ. ‘ಆಬಿ ರೋಡ್’, ‘ಲೆಟ್ ಇಟ್ ಬಿ’ ಎರಡಕ್ಕೂ ಮೋನೊ ಮಿಕ್ಸೇ ಇಲ್ಲ, ಅಲ್ಲಿ ಚರ್ಚೆ ಬೇಡ. ಮೋನೊ ಮಿಕ್ಸ್‌ಗಳು 2009ರ ಪೆಟ್ಟಿಗೆಯಲ್ಲಿ ಒಟ್ಟಿಗೆ ಸಿಗುತ್ತವೆ. ‘ಹೆಲ್ಪ್!’, ‘ರಬ್ಬರ್ ಸೋಲ್’ ಎರಡರ 1965ರ ಮೂಲ ಸ್ಟೀರಿಯೊ ಕೂಡ ಅದರಲ್ಲೇ ಇದೆ, ಏಕೆಂದರೆ ಬೇರೆ ಸಿಡಿಗಳಲ್ಲಿರುವುದು ಜಾರ್ಜ್ ಮಾರ್ಟಿನ್ ಆಮೇಲೆ ಮಾಡಿದ ಮರುಮಿಕ್ಸ್. ಹೆಡ್‌ಫೋನ್‌ನಲ್ಲಿ ‘ರಬ್ಬರ್ ಸೋಲ್’ ಸ್ಟೀರಿಯೊ ಕೇಳುವವರಿಗೆ ವಾದ್ಯವೆಲ್ಲ ಒಂದು ಕಿವಿ, ಹಾಡುಗಾರರು ಇನ್ನೊಂದು ಕಿವಿ. ಅರ್ಧ ಗಂಟೆಗೆ ತಲೆನೋವು ಗ್ಯಾರಂಟಿ.

ಪ್ರಶ್ನೆ: ಇಟಾಲಿಯನ್ ಒಂದಕ್ಷರ ಬಾರದು. ಫಾಬ್ರಿತ್ಸಿಯೊ ದೆ ಆಂದ್ರೆ ಅವರಂಥ, ಸಾಹಿತ್ಯವೇ ಮುಖ್ಯವಾದ ಗಾಯಕರನ್ನು ಕೇಳಿ ಪ್ರಯೋಜನವುಂಟೇ?

ಉತ್ತರ: ಉಂಟು, ಆಲ್ಬಮ್ ನೋಡಿ ಆರಿಸಿಕೊಂಡರೆ. 1971ರ ‘ನೊನ್ ಅಲ್ ದೆನಾರೊ ನೊನ್ ಅಲ್ಲಾಮೋರೆ ನೆ ಅಲ್ ಚೇಲೊ’ದಿಂದ ಶುರುಮಾಡಿ. ಅದರ ಒಂಬತ್ತು ಹಾಡುಗಳು ಅಮೆರಿಕದ ಕವಿ ಎಡ್ಗರ್ ಲೀ ಮಾಸ್ಟರ್ಸ್ ಅವರ ‘ಸ್ಪೂನ್ ರಿವರ್ ಆಂಥಾಲಜಿ’ಯಿಂದ ಬಂದವು. ಒಂದೂರಿನ ಗುಡ್ಡದ ಮೇಲೆ ಮಣ್ಣಾದವರು ತಂತಮ್ಮ ಬದುಕನ್ನು ತಾವೇ ಹೇಳಿಕೊಳ್ಳುವ ಕವನಗಳು. ಮೂಲ ಇಂಗ್ಲಿಷಿನಲ್ಲಿದೆ, ಸುಲಭವಾಗಿ ಸಿಗುತ್ತದೆ.

ಕ್ರಮ ಹೀಗಿರಲಿ. ಮೊದಲು ಆಲ್ಬಮ್ಮನ್ನು ಅರ್ಥದ ಗೊಡವೆಯಿಲ್ಲದೆ ಒಮ್ಮೆ ಪೂರ್ತಿ ಕೇಳಿ. ಆಮೇಲೆ ಹಾಡಿಗೊಂದರಂತೆ ಮೂಲ ಕವನ ಓದಿ. ‘ಉನ್ ಜೂದಿಚೆ’ಗೆ ಜಡ್ಜ್ ಸೆಲಾ ಲೈವ್ಲಿ, ‘ಇಲ್ ಸುವೊನತೋರೆ ಜೋನ್ಸ್’ಗೆ ಫಿಡ್ಲರ್ ಜೋನ್ಸ್. ಮಾಸ್ಟರ್ಸ್ ಅವರ ಜಡ್ಜ್ ಐದಡಿ ಎರಡಂಗುಲದ ಕುಳ್ಳ. ದೆ ಆಂದ್ರೆ ಅವನನ್ನು ಒಂದೂವರೆ ಮೀಟರಿಗೆ ಇಳಿಸಿ, ಲೇವಡಿಯನ್ನೂ ಸೇಡನ್ನೂ ಇನ್ನಷ್ಟು ಹರಿತ ಮಾಡಿದ್ದಾರೆ. ಪಿಟೀಲಿನ ಜೋನ್ಸ್ ಕೈಗೆ ಕೊಳಲು ಕೊಟ್ಟಿದ್ದಾರೆ. ಇಂಥ ಬದಲಾವಣೆ ಗೊತ್ತಾದ ಮೇಲೆ ಸಾಹಿತ್ಯದ ಹಾಳೆ ಹಿಡಿದು ಮತ್ತೆ ಕೇಳಿ. ಹಾಡು ನಡೆಯುತ್ತಿರುವಾಗಲೇ ಫೋನಿನಲ್ಲಿ ಸಾಲುಸಾಲಾಗಿ ಅನುವಾದ ನೋಡುವುದು ಬೇಡ. ಕಣ್ಣು ಓದುತ್ತಿದ್ದರೆ ಕಿವಿ ಕೇಳುವುದಿಲ್ಲ.

ಇನ್ನೊಂದು ದಾರಿ 1984ರ ‘ಕ್ರೋಜಾ ದೆ ಮಾ’. ಅದು ಪೂರ್ತಿ ಜಿನೋವಾ ಸೀಮೆಯ ನುಡಿಯಲ್ಲಿದೆ. ಇಟಲಿಯ ಬಹುಪಾಲು ಜನಕ್ಕೇ ಸಾಹಿತ್ಯದ ಹಾಳೆ ಬೇಕು, ಹಾಗಾಗಿ ನೀವು ಹಿಂದೆ ಬಿದ್ದವರೇನಲ್ಲ. ಜೊತೆಗಾರ ಮೌರೊ ಪಗಾನಿ ಊದ್, ಬುಝೂಕಿಗಳಂಥ ತಂತಿವಾದ್ಯಗಳನ್ನು ತಂದು, ಇಡೀ ಮೆಡಿಟರೇನಿಯನ್ ಕಡಲ ಸುತ್ತಿನ ಸದ್ದನ್ನು ಕೂಡಿಸಿದ್ದಾರೆ. ಮೊದಲ ಹಾಡಿನ ಕೊನೆಯಲ್ಲಿ ಜಿನೋವಾದ ಮೀನು ಮಾರುವವರ ಕೂಗಿದೆ. ಹಾಡು ಮುಗಿಯಿತೆಂದು ಮುಂದಕ್ಕೆ ಒತ್ತಿಬಿಡಬೇಡಿ.

ಪ್ರಶ್ನೆ: ಇಟಲಿಯ ಪಿಎಫ್‌ಎಂ ತಂಡದ ‘ಫೋಟೋಸ್ ಆಫ್ ಗೋಸ್ಟ್ಸ್’ ಇಂಗ್ಲಿಷಿನಲ್ಲಿದೆ, ಅದನ್ನೇ ಕೇಳಿದರೆ ಆಗದೇ? ಹೇಗೂ ಇಟಲಿಯ ಪ್ರೋಗ್ರೆಸಿವ್ ರಾಕ್ (ಉದ್ದದ, ಜಟಿಲ ಕಟ್ಟಣೆಯ ರಾಕ್ ಸಂಗೀತ) ಬ್ರಿಟಿಷರ ನಕಲು ತಾನೇ?

ಉತ್ತರ: ಎರಡಕ್ಕೂ ಇಲ್ಲ ಎಂದೇ ಉತ್ತರ. 1973ರ ‘ಫೋಟೋಸ್ ಆಫ್ ಗೋಸ್ಟ್ಸ್’, ಹಿಂದಿನ ವರ್ಷದ ‘ಪೆರ್ ಊನ್ ಅಮೀಕೊ’ದ ಹೆಚ್ಚಿನ ಭಾಗಕ್ಕೆ ಬ್ರಿಟಿಷ್ ಗೀತರಚನೆಕಾರ ಪೀಟರ್ ಸಿನ್‌ಫೀಲ್ಡ್ ಇಂಗ್ಲಿಷ್ ಸಾಹಿತ್ಯ ಹೊಂದಿಸಿದ ಆಲ್ಬಮ್. ಅನುವಾದವಲ್ಲ, ಹೊಸ ಸಾಹಿತ್ಯ. ತೊಡಕಿರುವುದು ಇಲ್ಲೇ: ಇಟಾಲಿಯನ್ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಗಾಯಕ ಸಾಲಿನ ತುದಿಯನ್ನು ಎಷ್ಟು ಬೇಕಾದರೂ ಎಳೆಯಬಹುದು. ಆ ಎಳೆತಕ್ಕೆಂದೇ ಕಟ್ಟಿದ ರಾಗದ ಮೇಲೆ ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದ ಕೂರಿಸಿದರೆ ತುದಿ ಕತ್ತರಿಸಿದಂತಾಗುತ್ತದೆ. ‘ಅಪ್ಪೇನಾ ಊನ್ ಪೊ’ ಕೇಳಿ, ಬೆನ್ನಿಗೇ ಅದರ ಇಂಗ್ಲಿಷ್ ರೂಪ ‘ರಿವರ್ ಆಫ್ ಲೈಫ್’ ಕೇಳಿ. ಕೊಳಲು, ಗಿಟಾರಿನ ಶುರು ಎರಡರಲ್ಲೂ ಸೊಗಸೇ, ಹಾಡು ಎತ್ತಿಕೊಂಡ ಕೂಡಲೇ ಬಿಗಿ ಗೊತ್ತಾಗುತ್ತದೆ. ‘ಇಲ್ ಬಂಕೆತ್ತೊ’ ಒಂದನ್ನು ಇಂಗ್ಲಿಷ್ ಆಲ್ಬಮ್‌ನಲ್ಲೂ ಇಟಾಲಿಯನ್‌ನಲ್ಲೇ ಬಿಟ್ಟಿದ್ದಾರೆ. ಅದು ಅಲ್ಲಿ ನೆಮ್ಮದಿಯಾಗಿ ಉಸಿರಾಡುವುದನ್ನು ಗಮನಿಸಿ.

ನಕಲಿನ ಮಾತಿಗೆ ಬಂದರೆ, ಸಾಲ ಪಡೆದದ್ದು ನಿಜ. ಬ್ರಿಟನ್ನಿನಲ್ಲಿ ತಯಾರಾದ ಮೆಲೊಟ್ರಾನ್ ಎಂಬ ಕೀಬೋರ್ಡ್ ಪಿಎಫ್‌ಎಂನಲ್ಲೂ ಇದೆ. ಪ್ರತಿ ಕೀಲಿಗೆ ಒಂದು ಟೇಪು, ಸುಮಾರು 8 ಸೆಕೆಂಡಿಗೆ ಮುಗಿಯುವುದರಿಂದ ಬೆರಳೆತ್ತಿ ಮತ್ತೆ ಒತ್ತಲೇಬೇಕು. ಆದರೆ 1972ರ ‘ಸ್ತೋರಿಯಾ ದಿ ಊನ್ ಮಿನೂತೊ’ದಲ್ಲಿ ‘ಇಂಪ್ರೆಸ್ಸಿಯೋನಿ ದಿ ಸೆತ್ತೆಂಬ್ರೆ’ ಕೇಳಿ. ಚರಣದ ನಂತರ ಪಲ್ಲವಿ ಬರಬೇಕಾದ ಜಾಗದಲ್ಲಿ ಮಾತೇ ಇಲ್ಲ, ಮೂಗ್ ಸಿಂಥಸೈಜರ್ ಒಂದೇ ಹಾಡುತ್ತದೆ. ಬಾಂಕೊ ತಂಡದ ಫ್ರಾಂಚೆಸ್ಕೊ ದಿ ಜಾಕೊಮೊ ಕಂಠದಲ್ಲಿ ಒಪೆರಾ ಇದೆ, ಆರೆಯಾ ತಂಡದ ‘ಆರ್ಬೈಟ್ ಮಾಖ್ಟ್ ಫ್ರೈ’ಯಲ್ಲಿ (1973) ಬಾಲ್ಕನ್ ಲಯವೂ ದೆಮೆತ್ರಿಯೊ ಸ್ತ್ರಾತೋಸ್ ದನಿಯೂ ಇದೆ. ಇವಕ್ಕೆ ಬ್ರಿಟನ್ನಿನಲ್ಲಿ ಜೋಡಿ ಸಿಗುವುದಿಲ್ಲ. ಇನ್ನೊಂದು ಮಾತು: ಬ್ರಿಟನ್ನಿನ ವ್ಯಾನ್ ಡರ್ ಗ್ರಾಫ್ ಜನರೇಟರ್ ತಂಡದ ‘ಪಾನ್ ಹಾರ್ಟ್ಸ್’ 1972ರಲ್ಲಿ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ಇಟಲಿಯಲ್ಲಿ, ತವರಿನಲ್ಲಲ್ಲ. ಕೇಳುವ ಕಿವಿ ಎಲ್ಲಿ ಹದವಾಗಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಪ್ರಶ್ನೆ: ಎರಡೂ ದೇಶಗಳಿಂದ ಒಂದೊಂದೇ ಆಲ್ಬಮ್ ಹೇಳಿ. ಪ್ರೋಗ್ರೆಸಿವ್ ಬೇಡ.

ಉತ್ತರ: ಫ್ರಾಂಕೊ ಬತ್ತಿಯಾತೊ ಅವರ ‘ಲಾ ವೋಚೆ ದೆಲ್ ಪದ್ರೋನೆ’ (1981), ಕೇಟ್ ಬುಷ್ ಅವರ ‘ಹೌಂಡ್ಸ್ ಆಫ್ ಲವ್’ (1985). ಮೊದಲನೆಯದರಲ್ಲಿ ಏಳೇ ಹಾಡು, ಒಂದೂ ಪೊಳ್ಳಿಲ್ಲ. ಎರಡನೆಯದರ ಮೊದಲ ಬದಿಯ ಐದು ಹಾಡುಗಳನ್ನು ಹೇಗೆ ಬೇಕಾದರೂ ಕೇಳಿ. ಎರಡನೇ ಬದಿ, ಕಡಲಲ್ಲಿ ಇರುಳಿಡೀ ತೇಲುವ ಹೆಣ್ಣಿನ ಏಳು ಹಾಡುಗಳು, ಒಂದೇ ಉಸಿರಿಗೆ ಆಗಬೇಕು.

ಪ್ರಶ್ನೆ: ಸ್ಟ್ರೀಮಿಂಗ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಹಾಡುಗಳ ನಡುವೆ ಚಿಕ್ಕ ಬಿರುಕು ಕೇಳುತ್ತದೆ. ಯಾಕೆ?

ಉತ್ತರ: ಆ್ಯಪ್ ಸೆಟ್ಟಿಂಗ್‌ನಲ್ಲಿ ‘ಗ್ಯಾಪ್‌ಲೆಸ್’ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಇರಲಿ, ‘ಕ್ರಾಸ್‌ಫೇಡ್’ (ಒಂದರ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಸೊನ್ನೆಗಿಳಿಸಿ, ಶಫಲ್ ತೆಗೆಯಿರಿ. ಆದರೂ ಬಿರುಕು ಹೋಗದಿದ್ದರೆ ದೋಷ ಹೆಚ್ಚಾಗಿ ಫೋನಿನದಲ್ಲ, ಹಾಡುಗಳನ್ನು ಒಂದೊಂದಾಗಿ ಎಳೆದು ನುಡಿಸುವ ವೈಫೈ ಸ್ಪೀಕರ್‌ನದು. ಫೋನಿನಿಂದ ತಂತಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಪರೀಕ್ಷೆಗೆ ‘ಸ್ಕೈಲಾರ್ಕಿಂಗ್’ನ ಮೊದಲೆರಡು ಹಾಡು ಸಾಕು: ‘ಸಮರ್ಸ್ ಕಾಲ್ಡ್ರನ್’ ಎಲ್ಲೂ ನಿಲ್ಲದೆ ‘ಗ್ರಾಸ್’ಗೆ ಸರಿಯಬೇಕು.