ಹುಟ್ಟುಗುಣ ಸುಟ್ರೂ ಹೋಗಲ್ಲ ಅಂದೋರು ಯಾರು ಸ್ವಾಮಿ?

ಪತ್ರ: "ನನಗೆ ನಲವತ್ತಾರು ವರ್ಷ. ಆಫೀಸಿನಲ್ಲಿ ಪರ್ಸನಾಲಿಟಿ ಟೆಸ್ಟ್ ಮಾಡಿಸಿದರು, ಇಂಟ್ರೊವರ್ಟ್, ಅಂದರೆ ಅಂತರ್ಮುಖಿ ಅಂತ ಬಂತು, ರಿಪೋರ್ಟ್ ಲಗತ್ತಿಸಿದ್ದೇನೆ. ಮಗಳೂ ಮೊಬೈಲಿನಲ್ಲಿ ಅಂಥದ್ದೇ ಟೆಸ್ಟ್ ಮಾಡಿಕೊಂಡು 'ನಾನೂ ಅಪ್ಪನ ಟೈಪು' ಅಂತ ಸ್ಕೂಲಿನ ಡಿಬೇಟಿಗೆ ಹೆಸರು ಕೊಡಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು. ವ್ಯಕ್ತಿತ್ವ ಹುಟ್ಟಿನಿಂದ ಬರುತ್ತದೋ, ಬೆಳೆಸುವುದರಿಂದಲೋ? ನನ್ನ ವಯಸ್ಸಿನಲ್ಲಿ ಬದಲಾಗಲು ಸಾಧ್ಯವೇ? (ಹೆಸರು ಪ್ರಕಟಿಸಬೇಡಿ.)"

ಉತ್ತರ: ಹೆಸರು ಹಾಕಿಲ್ಲ, ನಿಶ್ಚಿಂತೆಯಾಗಿರಿ. ಆದ್ರೆ ಆ ರಿಪೋರ್ಟು ಕಳಿಸಿದೀರಲ್ಲ, ಒಂದೇ ಮಗ್ಗುಲಿಗೆ ಪ್ರಿಂಟ್ ಮಾಡಿದ ಏಳು ಹಾಳೆ, ಅದನ್ನ ಓದ್ತಾ ಓದ್ತಾ ನಂಗೆ ಮೈಯೆಲ್ಲ ಉರೀತು. ನಿಮ್ಮ ಮೇಲಲ್ಲ. ಪೂರ್ತಿ ನಿಮ್ಮ ಮೇಲಲ್ಲ ಅನ್ನಿ.

ಮೊದಲು ಹುಟ್ಟುಗುಣದ ಪಾರ್ಟಿಗೆ ಸಲ್ಲಬೇಕಾದ್ದನ್ನ ಸಲ್ಲಿಸಿಬಿಡ್ತೀನಿ, ಆಮೇಲೆ ಪಕ್ಷಪಾತಿ ಅಂತ ಬೈಬೇಡಿ. ಮಿನ್ನೆಸೋಟ ಯೂನಿವರ್ಸಿಟೀಲಿ ಥಾಮಸ್ ಬುಶಾರ್ಡ್ ಅನ್ನೋರು 1979ರಿಂದ ಬೇರೆ ಬೇರೆ ಮನೇಲಿ ಬೆಳೆದ ಅವಳಿಗಳನ್ನ ಹುಡುಕಿ ಹುಡುಕಿ ಕರೆಸಿ ಪರೀಕ್ಷೆ ಮಾಡಿದ್ರು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದ್ರೆ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಹೆಚ್ಚುಕಮ್ಮಿ ಶೇ. 40ರಿಂದ 50 ವಂಶವಾಹಿಗಳ ಪಾಲು ಅಂತ ಬರುತ್ತೆ. ಒಪ್ಪಿದೆ. ಆದ್ರೆ ಅದು ಒಂದು ದೊಡ್ಡ ಗುಂಪಿನ ಲೆಕ್ಕ ಮಾರಾಯ್ರೇ, ನಿಮ್ಮ ಸಂಕೋಚದಲ್ಲಿ ಅರ್ಧ ಅಪ್ಪಂದು ಅರ್ಧ ನಿಮ್ದು ಅಂತ ಪಾಲುಪಟ್ಟಿ ಮಾಡೋಕೆ ಬರಲ್ಲ. ಅಲ್ಲಿಗೆ ಅವರ ಪಾಲು ಮುಗೀತು.

ನಮ್ಮ ಗಾದೆಗಳನ್ನೇ ನೋಡಿ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಒಂದು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಇನ್ನೊಂದು. ಒಂದಕ್ಕೊಂದು ಜಗಳ ಆಡ್ತವೆ ಅನ್ಸುತ್ತೆ, ಆದ್ರೆ ನಲವತ್ತಾರರ ಮನುಷ್ಯನಿಗೆ ಎರಡೂ ಬಾಗಿಲು ಹಾಕ್ತವೆ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಎರಡನೇ ಗಾದೆ ಕಡೆಯೋನು, ಐದಾರು ವರ್ಷದೊಳಗೆ ಅಡಿಪಾಯ ಬಿದ್ದಾಯ್ತು, ಮುಂದಿನದೆಲ್ಲ ಅದರ ಮೇಲಿನ ಗೋಡೆ ಅನ್ನೋನು. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಸ್ವಲ್ಪ ಧಾರಾಳಿ, 1890ರಲ್ಲಿ ಮೂವತ್ತರ ತನಕ ಟೈಮ್ ಕೊಟ್ಟ, ಆಮೇಲೆ ಪ್ಲಾಸ್ಟರ್ ಥರ ಗಟ್ಟಿಯಾಗುತ್ತೆ ಅಂದ. ನನಗೆ ಪ್ರೀತಿ ಇರೋದು ಎರಿಕ್ ಎರಿಕ್ಸನ್ ಅನ್ನೋ ಮನೋವಿಶ್ಲೇಷಕನ ಮೇಲೆ. ಹೆತ್ತ ಅಪ್ಪ ಯಾರು ಅಂತ ಕೊನೇತನಕ ಗೊತ್ತಾಗದ ಮನುಷ್ಯ, ಅಮೆರಿಕದ ಪೌರತ್ವ ತಗೊಳ್ಳೋವಾಗ ಎರಿಕ್ಸನ್ ಅನ್ನೋ ಮನೆತನದ ಹೆಸರನ್ನ ತಾನೇ ಇಟ್ಕೊಂಡ, ಕಾಲೇಜು ಡಿಗ್ರಿ ಇಲ್ಲದೇನೆ ಹಾರ್ವರ್ಡಲ್ಲಿ ಪಾಠ ಮಾಡಿದ. ಆತ 1950ರಲ್ಲಿ ಬರೆದದ್ದು ಹುಟ್ಟಿನಿಂದ ಮುಪ್ಪಿನವರೆಗೆ ಎಂಟು ಹಂತ ಇದೆ ಅಂತ. ನಿಮ್ಮ ವಯಸ್ಸಿಗೂ ಒಂದು ಹಂತ ಇಟ್ಟಿದಾನೆ, ಮುಂದಿನೋರಿಗಾಗಿ ಏನಾದ್ರೂ ಮಾಡೋದಾ ಅಥವಾ ಇದ್ದಲ್ಲೇ ನಿಂತ ನೀರಾಗೋದಾ ಅನ್ನೋ ಹಂತ. ಅದನ್ನ ಮಗಳನ್ನ ಮುಂದಿಟ್ಕೊಂಡು ಒಂದ್ಸಲ ಓದ್ಕೊಳ್ಳಿ.

ಬರೀ ಮಾತಲ್ಲ, ಲೆಕ್ಕಾನೂ ಇದೆ. ಬ್ರೆಂಟ್ ರಾಬರ್ಟ್ಸ್ ಮತ್ತೆ ಜೊತೆಯೋರು 2006ರಲ್ಲಿ 92 ದೀರ್ಘಕಾಲದ ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ್ರು, ಸ್ವಭಾವ ಜಾಸ್ತಿ ಬದಲಾಗೋದು ಇಪ್ಪತ್ತರಿಂದ ನಲವತ್ತರ ನಡುವೆ, ಚಿಕ್ಕ ವಯಸ್ಸಲ್ಲಿ ಅಲ್ಲ! ಅದಾದ್ಮೇಲೂ ಪೂರ್ತಿ ನಿಲ್ಲಲ್ಲ. ಸ್ಕಾಟ್ಲೆಂಡಲ್ಲಿ ಇನ್ನೂ ಮಜಾ. 1950ರಲ್ಲಿ ಹದಿನಾಲ್ಕು ವರ್ಷದ 1,208 ಮಕ್ಕಳಿಗೆ ಅವರ ಮೇಷ್ಟ್ರುಗಳು ಆತ್ಮವಿಶ್ವಾಸ, ಹಿಡಿದ ಕೆಲಸ ಬಿಡದಿರೋದು ಹೀಗೆ ಆರು ಗುಣಕ್ಕೆ ಅಂಕ ಹಾಕಿದ್ರು. ಅರವತ್ತಕ್ಕೂ ಜಾಸ್ತಿ ವರ್ಷ ಆದ್ಮೇಲೆ, ಅವರಲ್ಲಿ 174 ಜನ ಎಪ್ಪತ್ತೇಳರ ಅಜ್ಜ ಅಜ್ಜಿ ಆಗಿದ್ದಾಗ ಮತ್ತೆ ಅವೇ ಗುಣಗಳನ್ನ ಅಳೆದ್ರೆ ಹಳೇ ಅಂಕಕ್ಕೂ ಹೊಸದಕ್ಕೂ ಸಂಬಂಧಾನೇ ಇಲ್ಲ ಅನ್ನೋಷ್ಟು ಕಮ್ಮಿ. ಅಂಕ ಹಾಕಿದೋರು ಬೇರೆ ಬೇರೆ, ಅದಕ್ಕೇ ಹಂಗಾಯ್ತು ಅನ್ನೋರಿದಾರೆ. ಇರಲಿ ಬಿಡಿ.

ಈಗ ನಿಮ್ಮ ಇಂಟ್ರೊವರ್ಟಿಗೆ ಬರ್ತೀನಿ. ಎಲ್ಲಿ ಇಂಟ್ರೊವರ್ಟು? ಯಾರ ಮುಂದೆ? ನಮ್ಮಲ್ಲೊಬ್ರು ಹಳೇ ಪ್ರೂಫ್ ರೀಡರ್ ಇದ್ರು. ಸಂಪಾದಕೀಯ ಮೀಟಿಂಗಲ್ಲಿ ಅವರು ಬಾಯಿ ಬಿಟ್ಟಿದ್ದನ್ನ ನಾನು ನೋಡೇ ಇಲ್ಲ, ಕೆಂಪು ಪೆನ್ನು ಕಿವಿ ಮೇಲಿಟ್ಕೊಂಡು ಮೂಲೇಲಿ ಕೂತಿರೋರು. ಅದೇ ಮನುಷ್ಯ ರಾತ್ರಿ ಪ್ರೆಸ್ಸಿಗೆ ಹೋಗಿ ಮೊದಲ ಫಾರ್ಮ್ ಕೈಗೆ ತಗೊಂಡು, ಒಂದು ಮಹಾಪ್ರಾಣ ತಪ್ಪಿದ್ರೂ "ನಿಲ್ಸ್ರೋ ಮಷೀನು" ಅಂತ ಆ ಗಡಗಡ ಸದ್ದಿನ ಮೇಲೆ ಕೂಗೋರು, ಮಷೀನ್‌ಮ್ಯಾನ್ ನಡುಗಿಹೋಗೋನು. ಇವರನ್ನ ಯಾವ ಡಬ್ಬೀಲಿ ಹಾಕ್ತೀರಿ? ಮನಃಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಲ್ಲಿ ಬರೆದು ಇಡೀ ಶಾಸ್ತ್ರಾನೇ ಅಲ್ಲಾಡಿಸಿದ್ದು ಈ ಪ್ರಶ್ನೆಯಿಂದಾನೆ, ಸನ್ನಿವೇಶ ಬಿಟ್ಟು ಗುಣ ಅಳೆಯೋಕೆ ಹೋದ್ರೆ ಮನುಷ್ಯ ಮುಂದೆ ಏನು ಮಾಡ್ತಾನೆ ಅಂತ ಹೇಳೋಕಾಗೋದು ತೀರಾ ಅಲ್ಪ ಅಂತ.

1973ರ ಒಂದು ಪ್ರಯೋಗ ನಾನು ಸಿಕ್ಕಿದೋರಿಗೆಲ್ಲ ಹೇಳ್ತೀನಿ, ನೀವೂ ಕೇಳಿ. ಡಾರ್ಲಿ ಮತ್ತೆ ಬ್ಯಾಟ್ಸನ್ ಅನ್ನೋ ಮನಃಶಾಸ್ತ್ರಜ್ಞರು ಪ್ರಿನ್ಸ್‌ಟನ್ನಲ್ಲಿ ಪಾದ್ರಿಯಾಗೋಕೆ ಓದ್ತಿದ್ದ ಹುಡುಗರನ್ನ ಇನ್ನೊಂದು ಕಟ್ಟಡಕ್ಕೆ ಹೋಗಿ ಭಾಷಣ ಮಾಡಿ ಅಂತ ಕಳಿಸಿದ್ರು, ಕೆಲವರ ವಿಷಯಾನೇ ದಾರೀಲಿ ಬಿದ್ದೋನಿಗೆ ನೆರವಾದ, ಬೈಬಲ್ಲಿನ ಒಳ್ಳೇ ಸಮಾರ್ಯದವನ ಕತೆ. ದಾರೀಲಿ ಒಬ್ಬ ಬಾಗಿಲ ಹತ್ರ ತಲೆ ಬಗ್ಗಿಸಿ ಕುಸಿದು ಕೂತು ಕೆಮ್ತಾ ನರಳ್ತಿದ್ದ. ಟೈಮ್ ಇದೆ ಅಂತ ಹೇಳಿಸ್ಕೊಂಡೋರಲ್ಲಿ ಶೇ. 63 ಜನ ನಿಂತ್ರು. ಲೇಟಾಯ್ತು ಓಡು ಅಂತ ಹೇಳಿಸ್ಕೊಂಡೋರಲ್ಲಿ ಶೇ. 10. ಯಾವ ಥರದ ಭಕ್ತ ಅಂತ ಮೊದಲೇ ಫಾರಂ ತುಂಬಿಸಿ ಅಳೆದಿದ್ರಲ್ಲ, ಯಾರು ನಿಲ್ತಾರೆ ಅಂತ ಹೇಳೋಕೆ ಅದು ಉಪಯೋಗಕ್ಕೇ ಬರ್ಲಿಲ್ಲ.

"ಆದ್ರೆ ರಿಪೋರ್ಟು ನನಗೆ ಕರೆಕ್ಟಾಗಿ ಹೊಂದುತ್ತಲ್ಲ ಸಾರ್" ಅಂತೀರಿ, ಗೊತ್ತು. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಮನಃಶಾಸ್ತ್ರದ ಮೇಷ್ಟ್ರು ತನ್ನ 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಒಂದು ವಾರ ಬಿಟ್ಟು ಎಲ್ಲರಿಗೂ ಒಂದೇ ರಿಪೋರ್ಟ್ ಕೊಟ್ಟ, ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ನಿಮಗೆ ಎಷ್ಟು ಹೊಂದುತ್ತೆ ಅಂತ ಕೇಳಿದ್ರೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ವು ಹುಡುಗ್ರು. ಅಷ್ಟು ದೂರ ಯಾಕೆ, ನಮ್ದೇ ಹೊಸ ವರ್ಷದ ಸಂಚಿಕೇಲಿ ಒಂದ್ಸಲ 'ಹುಟ್ಟಿದ ತಿಂಗಳು, ನಿಮ್ಮ ಸ್ವಭಾವ' ಅಂತ ಎರಡು ಪುಟ ಹಾಕಿದ್ವಿ (ಹಾಕಬಾರದಿತ್ತು, ಹೊಟ್ಟೆಪಾಡು). ಪೇಜ್ ಕಟ್ಟೋವಾಗ ಎಡವಟ್ಟಾಗಿ ಮಾರ್ಚಿನ ಪ್ಯಾರಾನೇ ಅಕ್ಟೋಬರಿಗೂ ಬಿತ್ತು, ಅಕ್ಷರಕ್ಕಕ್ಷರ. ಉಗಿಸ್ಕೊಳ್ಳೋಕೆ ರೆಡಿಯಾಗಿ ಕೂತಿದ್ದೆ. ಬಂದಿದ್ದು ಮೂರು ಪತ್ರ, ಒಂದು ಮಾರ್ಚಿನೋರದು, ಎರಡು ಅಕ್ಟೋಬರಿನೋರದು, ಮೂರರಲ್ಲೂ ಒಂದೇ ಮಾತು: ನನ್ನನ್ನೇ ಎದುರು ಕೂರಿಸ್ಕೊಂಡು ಬರೆದ ಹಾಗಿದೆ.

ಮನುಷ್ಯರನ್ನ ಹದಿನಾರು ಟೈಪಾಗಿ ವಿಂಗಡಿಸೋ ಈ ಮೈಯರ್ಸ್-ಬ್ರಿಗ್ಸ್ ಟೆಸ್ಟಿದೆಯಲ್ಲ, ಅದನ್ನ ಕಟ್ಟಿದ ತಾಯಿ ಮಗಳು ಇಬ್ರೂ ಮನಃಶಾಸ್ತ್ರ ಕ್ರಮವಾಗಿ ಓದಿದೋರಲ್ಲ, ಮಗಳು ಅದಕ್ಕೂ ಮುಂಚೆ ಪತ್ತೇದಾರಿ ಕಾದಂಬರಿ ಬರೆದೋಳು. ಅವರು ಆಧಾರ ಮಾಡ್ಕೊಂಡಿದ್ದು ಸ್ವಿಸ್ ಮನೋವೈದ್ಯ ಯುಂಗ್‌ನ. ಆ ಯುಂಗೇ, ಅಪ್ಪಟ ಇಂಟ್ರೊವರ್ಟ್ ಅನ್ನೋನು ಇಲ್ಲವೇ ಇಲ್ಲ, ಇದ್ರೆ ಹುಚ್ಚಾಸ್ಪತ್ರೇಲಿ ಇರ್ಬೇಕು ಅಂದಿದ್ದ!

ಇದ್ರ ಮೇಲೆ ಎಂಥಾ ವ್ಯಾಪಾರ ನೋಡಿ. ಬೆಳಿಗ್ಗೆ ನೀನು ಇಷ್ಟೇ ಅಂತ ಸರ್ಟಿಫಿಕೇಟು, ಸಂಜೆಗೆ ಮೂರೇ ದಿನದಲ್ಲಿ ನಿನ್ನನ್ನ ಬದಲಾಯಿಸ್ತೀವಿ ಬಾ ಅಂತ ವ್ಯಕ್ತಿತ್ವ ವಿಕಸನ ಶಿಬಿರ, ಎರಡಕ್ಕೂ ಫೀಸು. ಇಂಟರ್‌ವ್ಯೂಲಿ ಇದೇ, ಮನೆಮನೇಲೂ ಇದೇ, "ಅವ್ನು ಹಂಗೇ ಬಿಡಿ" ಅಂದ್ಬಿಟ್ರೆ ಮನುಷ್ಯನ್ನ ಮತ್ತೆ ನೋಡೋ ಕಷ್ಟಾನೇ ಇಲ್ಲ. ನಮಗೆ ಬರೋ ಕತೆಗಳಲ್ಲೂ ಈಗ ಜಿಪುಣ ಜಿಪುಣನಾಗೇ ಸಾಯ್ತಾನೆ, ಒಬ್ಬನಾದ್ರೂ ನಡುವೆ ಯಾರಿಗೋ ಸಾಲ ಕೊಟ್ಟು ಮರೆತುಬಿಡಲ್ಲ. ತಿಂಗಳಿಗೆ ಅಂಥವು ಎಷ್ಟು ವಾಪಸ್ ಕಳಿಸ್ತೀನಿ ಗೊತ್ತಾ?

ಮಗಳ ವಿಷಯದಲ್ಲಿ ಮಾತ್ರ ಬೇಜಾರಾಯ್ತು ನಂಗೆ, ಹೆಮ್ಮೆ ಅಂದ್ರಲ್ಲ ಅದಕ್ಕೆ. ಮನಃಶಾಸ್ತ್ರಜ್ಞ ಜೆರೋಮ್ ಕಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ಹೊಸ ಸದ್ದು ತೋರಿಸಿ ನೋಡಿದ್ರು, ಸುಮಾರು ಐದರಲ್ಲೊಂದು ಕೈಕಾಲು ಬಡಿದು ಅಳ್ತಿತ್ತು. ಅಂಥವು ಮುಂದೆ ಸಂಕೋಚದ ಮಕ್ಕಳಾಗೋ ಸಂಭವ ಜಾಸ್ತಿ, ಹೌದು, ಆದ್ರೆ ಅವುಗಳಲ್ಲೂ ಎಷ್ಟೋ ಮಕ್ಕಳು ಹಾಗೇ ಉಳೀಲಿಲ್ಲ. ನಿಮ್ಮ ಹುಡುಗಿಗೆ ಡಿಬೇಟ್ ಇಷ್ಟ ಇಲ್ಲಾಂದ್ರೆ ಬಿಡಲಿ, ಹೆದರಿಕೆ ಅಂದ್ರೂ ಪರವಾಗಿಲ್ಲ. ಅಪ್ಪನ ಟೈಪು ಅಂತ ಬಿಟ್ರೆ ಮಾತ್ರ ಅದು ಕಾರಣವೇ ಅಲ್ಲ ಅಂತ ಅಪ್ಪನೇ ಹೇಳ್ಬೇಕು. ಅಪರಿಚಿತ ಸಂಪಾದಕನಿಗೆ ಮನೆ ವಿಷಯ ನಾಲ್ಕು ಪುಟ ಬರೆದು ಅಂಚೆಗೆ ಹಾಕಿದ ಇಂಟ್ರೊವರ್ಟು ನೀವು, ಅದನ್ನೂ ಅವಳಿಗೆ ಹೇಳಿ.

ರಿಪೋರ್ಟ್ ವಾಪಸ್ ಬೇಕಾದ್ರೆ ತಿಳಿಸಿ. ಹಿಂಬದಿ ಖಾಲಿ ಇತ್ತು ಅಂತ ಈ ಉತ್ತರದ ಕರಡು ಅದರ ಮೇಲೇ ಬರ್ಕೊಂಡಿದೀನಿ, ಐದು ಹಾಳೆ ಖರ್ಚಾಗಿದೆ, ಎರಡು ಉಳಿದಿದೆ.